ಮನೆಗೇ ಬಂದು ಲೈಫ್ ಸರ್ಟಿಫಿಕೇಟ್ ಮಾಡ್ಕೊಡೋ ಪೋಸ್ಟ್‌ಮ್ಯಾನ್ ಸರ್ವಿಸ್, ಮಾಜಿ ಸೈನಿಕರ ಮನೆಯೋರು ಓದಿ

ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಕಡೆಯಿಂದ ಪೋಸ್ಟ್‌ಮ್ಯಾನ್ ಮನೆಗೇ ಬಂದು ಪೆನ್ಶನ್‌ದಾರರ ಜೀವನ್ ಪ್ರಮಾಣ್ (ಪೆನ್ಶನ್ ನಿಲ್ಲದಿರೋಕೆ ವರ್ಷವರ್ಷ ಕೊಡೋ, ಬದುಕಿದ್ದೀವಿ ಅನ್ನೋ ಡಿಜಿಟಲ್ ಲೈಫ್ ಸರ್ಟಿಫಿಕೇಟ್) ಮಾಡ್ಕೊಡ್ತಾರಲ್ಲ, ಅದರ ಬಗ್ಗೆ ಬರೀತಿದೀನಿ. ನಮ್ಮ ಕಡೆ ಹಳ್ಳಿಗಳಲ್ಲಿ ಎಷ್ಟೋ ಮನೆಗೆ ಇಂಥದ್ದೊಂದು ಇದೆ ಅಂತಾನೇ ಗೊತ್ತಿಲ್ಲ.

ನಮ್ಮ ತಾತ ಸೈನ್ಯದ ಎಂಇಜಿಯಲ್ಲಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಹವಾಲ್ದಾರ್ ಆಗಿದ್ದೋರು, ಬೆಂಗಳೂರಿನ ಹಲಸೂರು ಸೆಂಟರ್‌ನಲ್ಲಿ ತಯಾರಾದ ತಂಬಿ, ಎಂಇಜಿ ಸೈನಿಕರನ್ನ ಹಾಗೇ ಕರೆಯೋದು. 1971ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಜೊತೆ ನಡೆದ ಯುದ್ಧದಲ್ಲಿ ಶಕರ್‌ಗಢ ಸೆಕ್ಟರ್‌ನ ಬಸಂತರ್ ನದಿ ಹತ್ರ ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕ್‌ಗಳಿಗೆ ನೆಲಬಾಂಬ್ (ಮೈನ್) ತೆಗೆದು ದಾರಿ ಮಾಡಿದ್ದು 9 ಎಂಜಿನಿಯರ್ ರೆಜಿಮೆಂಟು, ತಾತ ಅದರಲ್ಲೇ ಇದ್ರು. ರಿಟೈರ್ ಆಗಿ ಬಂದ್ಮೇಲೆ ಅರಸೀಕೆರೆ ಕಡೆ ತೆಂಗಿನ ತೋಟ ಹಿಡಿದ್ರು. ಮಕ್ಕಳ ಓದು, ಮದ್ವೆ ಎಲ್ಲಾ ತೋಟ ಮತ್ತೆ ಪೆನ್ಶನ್ ಮೇಲೇ ನಡೀತು, ಅಜ್ಜಿ ಮಂಡಿ ಆಪರೇಷನ್ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಕಾರ್ಡಲ್ಲಿ ಆಯ್ತು. ಈಗ ತಾತನಿಗೆ 90ರ ಹತ್ರ.

ಅವರ ಬೆರಳು ನೋಡಿದ್ರೆ ಗೊತ್ತಾಗುತ್ತೆ ಕಷ್ಟ ಏನು ಅಂತ. ತುದಿ ಎಲ್ಲಾ ಸವೆದು ನುಣ್ಣಗಾಗಿದೆ, ಬಲಗೈ ಹೆಬ್ಬೆರಳಲ್ಲಿ ಮಚ್ಚಿನ ಗಾಯದ ಗೆರೆ ಬಿಟ್ರೆ ಬೇರೆ ಗೆರೆನೇ ಕಾಣಲ್ಲ. ಮೊದಲೆಲ್ಲ ಈ ಸರ್ಟಿಫಿಕೇಟ್‌ಗೆ ಬೆರಳಚ್ಚು ಕೊಡೋಕೆ ಒಂದು ಬ್ಯಾಂಕ್ ಬ್ರಾಂಚ್‌ಗೆ ಆಟೋ ಮಾಡ್ಕೊಂಡು ಹೋಗ್ತಿದ್ವಿ, ಮೆಷಿನ್ ಮೇಲೆ ಬೆರಳು ಒತ್ತಿ ಒತ್ತಿ ಸಾಕಾಗಿ, ಒರೆಸಿ, ಮತ್ತೆ ಒತ್ತಿ, ಕೊನೆಗೆ ಸರ್ವರ್ ಇಲ್ಲ ನಾಳೆ ಬನ್ನಿ ಅನ್ನೋರು, ಕೂರೋಕೆ ಒಂದು ಕುರ್ಚಿನೂ ಕೊಡ್ತಿರ್ಲಿಲ್ಲ. ತಾತ ಒಂದು ಮಾತೂ ಆಡದೆ ನಿಂತೇ ಇರೋರು, ನನಗೆ ನೋಡೋಕಾಗ್ತಿರ್ಲಿಲ್ಲ.

ಈಗ ಊರಿನ ಪೋಸ್ಟಾಫೀಸಲ್ಲಿ ಹೇಳಿದ್ರೆ ಸಾಕು. ನಮ್ಮ ಪೋಸ್ಟಣ್ಣ ಬಂದು ಜಗಲಿ ಮೇಲೆ ತಾತನ ಪಕ್ಕದಲ್ಲೇ ಕೂತ್ರು. ಬೆರಳು ತಗೊಳ್ಳಲ್ಲ ಅಂತ ಗೊತ್ತಾದ ತಕ್ಷಣ ಮೊಬೈಲಲ್ಲಿ ಮುಖದ ಫೋಟೋ ವಿಧಾನಕ್ಕೆ ಹೋದ್ರು. ಅದರಲ್ಲಿ ಕಣ್ಣು ಮಿಟುಕಿಸಬೇಕು, ತಾತ ಫೋಟೋ ಅಂದ್ರೆ ಅಟೆನ್ಶನ್‌ನಲ್ಲಿ ಕೂತು ಕಣ್ಣು ಅಲ್ಲಾಡಿಸೋರೇ ಅಲ್ಲ, "ತಾತಾ, ಕಣ್ಣು ಮುಚ್ಚಿ ಬಿಡಿ, ಹಾಂ, ಇನ್ನೊಂದ್ಸಲ" ಅಂತ ಪೋಸ್ಟಣ್ಣ ಎಷ್ಟು ತಾಳ್ಮೆಯಿಂದ ಹೇಳಿದ್ರು ಅಂದ್ರೆ ಸ್ವಂತ ಮೊಮ್ಮಗನೂ ಹಾಗೆ ಹೇಳಲ್ಲ. ಮೊಬೈಲಿಗೆ ಪ್ರಮಾಣ್ ಐಡಿ ಮೆಸೇಜ್ ಬಂತು, ಕೆಲಸ ಮುಗೀತು. ಚಾರ್ಜು 70 ರೂಪಾಯಿ ಅಷ್ಟೇ, ಜಿಎಸ್‌ಟಿ ಸೇರಿ.

ಆಧಾರ್, ಪಿಪಿಒ (ಪೆನ್ಶನ್ ಮಂಜೂರಾತಿ ಪತ್ರ) ನಂಬರ್, ಪೆನ್ಶನ್ ಬರೋ ಅಕೌಂಟ್ ನಂಬರ್ ಮತ್ತೆ ಓಟಿಪಿ ಬರೋ ಫೋನ್ ಪಕ್ಕದಲ್ಲಿರ್ಲಿ. ಸ್ಪರ್ಶ್‌ಗೆ (ಸೈನ್ಯದ ಪೆನ್ಶನ್ ಕೊಡೋ ಹೊಸ ಆನ್‌ಲೈನ್ ವ್ಯವಸ್ಥೆ) ಹೋಗಿರೋ ಪೆನ್ಶನ್ ಆದ್ರೆ ಫಾರ್ಮಲ್ಲಿ ಸ್ಪರ್ಶ್ ಅಂತಾನೇ ಆರಿಸಬೇಕು, ಹಳೇ ಬ್ಯಾಂಕ್ ಹೆಸರು ಹಾಕಿದ್ರೆ ತಪ್ಪಾಗುತ್ತೆ, ಇದನ್ನ ಜೊತೆಗೆ ನಿಂತು ನೋಡ್ಕೊಳ್ಳಿ.

ಕೊರತೆ ಅಂದ್ರೆ ನೆಟ್‌ವರ್ಕ್. ನಮ್ಮ ತೋಟದ ಮನೇಲಿ ಸಿಗದೆ ರಸ್ತೆ ಪಕ್ಕದ ಮನೆ ಜಗಲಿಗೆ ಹೋಗಬೇಕಾಯ್ತು. ಇನ್ನೊಂದು, ನವೆಂಬರ್‌ನಲ್ಲಿ ಅವರಿಗೆ ಕೈತುಂಬ ಕೆಲಸ ಇರುತ್ತೆ, 80 ದಾಟಿದೋರಿಗೆ ಅಕ್ಟೋಬರ್ 1ರಿಂದಲೇ ಮಾಡಿಸೋ ಅವಕಾಶ ಇರೋದ್ರಿಂದ ಮೊದಲೇ ಹೇಳಿಡಿ. ನನ್ನ ಪ್ರಕಾರ ಈ ಸರ್ವಿಸ್‌ಗೆ ಐದಕ್ಕೆ ನಾಲ್ಕೂವರೆ ಅಂಕ.

ಹಾಗೇ ಅವತ್ತೇ ಪಿಪಿಒದಲ್ಲಿ ಹುಟ್ಟಿದ ತಾರೀಖು ಸರಿ ಇದ್ಯಾ ನೋಡ್ಬಿಡಿ. 80 ಆದ್ರೆ ಮೂಲ ಪೆನ್ಶನ್ ಮೇಲೆ 20%, 85ಕ್ಕೆ 30%, 90ಕ್ಕೆ 40% ಜಾಸ್ತಿ ಸಿಗಬೇಕು, ತಾರೀಖು ತಪ್ಪಿದ್ರೆ ಅದು ನಿಂತು ಹೋಗುತ್ತೆ, ಅಜ್ಜಿಗೆ ಮುಂದೆ ಬರೋ ಫ್ಯಾಮಿಲಿ ಪೆನ್ಶನ್‌ಗಾಗಿ ಅವರ ಹೆಸರು, ತಾರೀಖನ್ನೂ ಜೊತೆಗೇ ಸರಿ ಮಾಡಿಸಿ.