ಶಾಲೆಗೆ ಯಾವ ಅಳತೆಗೋಲು: ಸರಾಸರಿ ಅಂಕವೋ, ಪ್ರಗತಿಯೋ, ತರಗತಿ ವೀಕ್ಷಣೆಯೋ?

ಖರ್ಚಿನಲ್ಲಿ ಸರಾಸರಿ ಅಂಕವೇ ಅಗ್ಗ. ವಾರ್ಷಿಕ ಪರೀಕ್ಷೆಯ ಫಲಿತಾಂಶ ಕೈಯಲ್ಲೇ ಇರುತ್ತದೆ. ಪ್ರಗತಿ ಅಳೆಯಲು ಅದೇ ಮಗುವಿನ ಹಿಂದಿನ ಅಂಕವೂ ಬೇಕು. ವೀಕ್ಷಣೆಗೆ ತರಬೇತಿ ಪಡೆದವರು ತರಗತಿಯಲ್ಲಿ ದಿನಗಟ್ಟಲೆ ಕೂರಬೇಕು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ನ್ಯಾಯ. ಒಂದು ಶಾಲೆಯ ಮಕ್ಕಳು 70 ಅಂಕದಿಂದ 72ಕ್ಕೆ ಬಂದರು, ಇನ್ನೊಂದರವರು 35ರಿಂದ 50ಕ್ಕೆ ಏರಿದರು ಎಂದುಕೊಳ್ಳಿ. ಸರಾಸರಿಯ ಪಟ್ಟಿಯಲ್ಲಿ ಎರಡನೆಯದು ಕೆಳಗೆ. ಅಲ್ಲಿನ ಶಿಕ್ಷಕರ ದುಡಿಮೆ ಕಾಣುವುದೇ ಇಲ್ಲ. ಅಂಕಗಳ ವ್ಯತ್ಯಾಸದಲ್ಲಿ ಮನೆಯ ಹಿನ್ನೆಲೆಯ ಪಾಲು ದೊಡ್ಡದೆಂದು ಅಮೆರಿಕದ ಕೋಲ್ಮನ್ ವರದಿ 1966ರಲ್ಲೇ ಹೇಳಿತ್ತು. ಇಂಗ್ಲೆಂಡ್ 2016ರಲ್ಲಿ ಪ್ರೌಢಶಾಲೆಗಳಿಗೆ ಪ್ರಗತಿ ಆಧಾರಿತ ಅಳತೆಯನ್ನು ತಂದಿತು.

ಆದರೆ ಸಣ್ಣ ಶಾಲೆಯಲ್ಲಿ ಪ್ರಗತಿಯ ಅಂಕಿಯೂ ನಂಬಿಸಿ ಕೈಕೊಡುತ್ತದೆ. 12 ಮಕ್ಕಳ ತರಗತಿಯಲ್ಲಿ ಇಬ್ಬರು ಜ್ವರದಲ್ಲಿ ಪರೀಕ್ಷೆ ಬರೆದರೂ ಫಲಿತಾಂಶ ಅಲುಗಾಡುತ್ತದೆ. ಅಲ್ಲಿ ಮೂರು ವರ್ಷಗಳ ಅಂಕಿಗಳನ್ನು ಕೂಡಿಸಿ ನೋಡಬೇಕು.

ಸುಧಾರಣೆಯೇ ಗುರಿಯಾದರೆ ವೀಕ್ಷಣೆಗೆ ಸಾಟಿಯಿಲ್ಲ. ಅಂಕಪಟ್ಟಿ ‘ಗಣಿತ ದುರ್ಬಲ’ ಎಂದು ಹೇಳಿ ಸುಮ್ಮನಾಗುತ್ತದೆ. ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸುವಾಗ ಮಗು ಮೇಲಿನ ಅಂಕಿಗಳನ್ನೂ ಕೆಳಗಿನ ಅಂಕಿಗಳನ್ನೂ ಬೇರೆಬೇರೆ ಕೂಡಿಸಿ ಐದನೇ ಎರಡು ಎಂದು ಬರೆಯುವುದು ಪಕ್ಕದಲ್ಲಿ ಕುಳಿತವರಿಗಷ್ಟೇ ಕಾಣುತ್ತದೆ. ಮರುದಿನದ ಪಾಠ ಬದಲಾಗುವುದು ಅಲ್ಲಿಂದ.

ನೂರಾರು ಶಾಲೆಗಳಲ್ಲಿ ಎಲ್ಲಿ ಕಣ್ಣಿಡಬೇಕೆಂದು ಹುಡುಕುವವರಿಗೆ ಪ್ರಗತಿಯ ಅಳತೆ ಒಪ್ಪುತ್ತದೆ. ಕನಿಷ್ಠ ಕಲಿಕೆ ಎಷ್ಟು ಮಕ್ಕಳಿಗೆ ದಕ್ಕಿದೆ ಎಂದಷ್ಟೇ ತಿಳಿಯಬೇಕಿದ್ದರೆ ನೇರ ಅಂಕ ಸಾಕು. ಒಂದೇ ಶಾಲೆಯ ಹೊಣೆ ಹೊತ್ತವರು ಮೊದಲು ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಲಿ.