ವೈ-ಫೈ ಕ್ಯಾಮೆರಾ ಜೋಡಿಸಿದ ಮೇಲೆ ರೌಟರ್ ಒಳಗೆ ಒಮ್ಮೆ ನೋಡಿ

ಮನೆಯ ಕಂಪ್ಯೂಟರಿಗೆ ವೈ-ಫೈ ಕ್ಯಾಮೆರಾ ಜೋಡಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮಮ್ಮ ಮಲಗುವ ಕೋಣೆ ಎಷ್ಟೋ ದಿನ ಹೊರಗಿನವರಿಗೆ ಕಾಣುವಂತಿತ್ತು. ಅದೂ ಪಾಸ್‌ವರ್ಡ್ ಹಾಕಿದ ಮೇಲೆ.

ಅಮ್ಮನಿಗೆ ಹುಷಾರಿರಲಿಲ್ಲ. ಪಕ್ಕದ ಕೋಣೆಯಲ್ಲಿ ಕೆಲಸ ಮಾಡುತ್ತಲೇ ಅವರನ್ನು ನೋಡಿಕೊಳ್ಳಲು ಅನುಕೂಲವಾಗಲಿ ಅಂತ ತಿರುಗುವ ಕ್ಯಾಮೆರಾ ತಂದೆವು. ಪೆಟ್ಟಿಗೆಯಲ್ಲಿದ್ದ ಹಾಳೆಯಂತೆ ಮೊದಲು ಕೇಬಲ್‌ನಿಂದ ರೌಟರಿಗೆ ಜೋಡಿಸಿದೆ, ಕಂಪ್ಯೂಟರಿನಲ್ಲಿ ಕ್ಯಾಮೆರಾ ಕಂಪನಿಯ ಸಾಫ್ಟ್‌ವೇರ್ ಹಾಕಿದೆ, ವೈ-ಫೈ ವಿವರ ಕೊಟ್ಟು ಕೇಬಲ್ ತೆಗೆದೆ. ಖಾತೆಗೆ ಪಾಸ್‌ವರ್ಡ್ ಕೇಳಿತು, ಉದ್ದದ್ದೇ ಕೊಟ್ಟೆ. ಚಿತ್ರ ಚೆನ್ನಾಗಿಯೇ ಬಂತು.

ಒಂದು ರಾತ್ರಿ ಅಮ್ಮ ಕರೆದು, "ಇದು ತಾನಾಗೇ ತಿರುಗ್ತಿದೆ ಕಣೋ" ಅಂದರು. ಹಗಲು ಅವರು ಕೂರುವ ಕುರ್ಚಿಯ ಕಡೆ ಇಟ್ಟಿದ್ದ ಕ್ಯಾಮೆರಾ ಮಂಚದ ಕಡೆ ಮುಖ ಮಾಡಿತ್ತು. ಚಲನೆ ಕಂಡರೆ ತಿರುಗುವ ಸೌಲಭ್ಯ ಆಫ್ ಆಗಿತ್ತು. ಮನೆಯಲ್ಲಿ ಯಾರೂ ಅದನ್ನು ಮುಟ್ಟಿರಲಿಲ್ಲ. ತಕ್ಷಣ ಅದರ ಕರೆಂಟ್ ವೈರ್ ಕಿತ್ತು ಹಾಕಿದೆ.

ಬೆಳಿಗ್ಗೆ ರೌಟರಿನ ಸೆಟ್ಟಿಂಗ್ಸ್ ತೆರೆದು, ಕ್ಯಾಮೆರಾ ಮತ್ತೆ ಆನ್ ಮಾಡಿದೆ. ಯುಪಿಎನ್‌ಪಿ ಪಟ್ಟಿಯಲ್ಲಿ ಹೊಸ ಸಾಲೊಂದು ಬಂತು: ಹೊರಗಿನ ಪೋರ್ಟ್ (ಅಂದರೆ ಬಾಗಿಲಿನ ಸಂಖ್ಯೆ) 8080, ಒಳಗಿನ ವಿಳಾಸ 192.168.1.7, ಪೋರ್ಟ್ 80. ಆ ವಿಳಾಸ ಕ್ಯಾಮೆರಾದ್ದು. ಆ ಸಾಲು ಸೇರಿಸಿದ್ದು ನಾನಲ್ಲ, ಕ್ಯಾಮೆರಾನೇ. ಮನೆಯೊಳಗಿನ ಉಪಕರಣ ಕೇಳಿದರೆ ಸಾಕು, ರೌಟರ್ ನಮ್ಮನ್ನು ಒಂದು ಮಾತೂ ಕೇಳದೆ ಇಂಟರ್ನೆಟ್ಟಿಗೆ ಬಾಗಿಲು ತೆಗೆದುಕೊಡುತ್ತದೆ. ಯುಪಿಎನ್‌ಪಿ ಅಂದರೆ ಇದೇ. ಬಹಳಷ್ಟು ಮನೆ ರೌಟರುಗಳಲ್ಲಿ ಇದು ಮೊದಲಿಂದಲೇ ಆನ್ ಇರುತ್ತದೆ.

ಫೋನಿನ ವೈ-ಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ನಮ್ಮ ಮನೆಯ ಐಪಿ ವಿಳಾಸ, ಮುಂದೆ 8080 ಹಾಕಿದೆ. ಲಾಗಿನ್ ಪುಟ ಬಂತು. ಹೆಸರಿನ ಜಾಗದಲ್ಲಿ 'ಅಡ್ಮಿನ್' ಅಂತ ಕೊಟ್ಟು ಪಾಸ್‌ವರ್ಡ್ ಖಾಲಿ ಬಿಟ್ಟೆ. ಅಮ್ಮನ ಮಂಚ, ದಿಂಬು, ಔಷಧಿ ಇಟ್ಟ ಸ್ಟೂಲು, ಎಲ್ಲ ಕಾಣಿಸಿತು. ಕೈ ನಡುಗಿತು.

ಇಲ್ಲಿರುವ ಮೋಸ ಇದು. ನಾವು ಹಾಕುವ ಪಾಸ್‌ವರ್ಡ್ ಕಂಪನಿಯ ಸರ್ವರಿನಲ್ಲಿರುವ ಖಾತೆಗೆ. ಕ್ಯಾಮೆರಾದೊಳಗಿನ ಅಡ್ಮಿನ್ ಪಾಸ್‌ವರ್ಡ್ ಬೇರೆ. ಅದು ಕಾರ್ಖಾನೆಯಿಂದ ಬಂದ ಹಾಗೇ ಉಳಿದಿರುತ್ತದೆ. ಹಾಳೆಯಲ್ಲಿ ಈ ಬಗ್ಗೆ ಒಂದು ಸಾಲೂ ಇರಲಿಲ್ಲ. ವಿಡಿಯೋ ಹರಿಯುವ ಆರ್‌ಟಿಎಸ್‌ಪಿ ದಾರಿ, ಸಾಮಾನ್ಯವಾಗಿ ಪೋರ್ಟ್ 554, ಕೆಲವು ಕ್ಯಾಮೆರಾಗಳಲ್ಲಿ ಪಾಸ್‌ವರ್ಡನ್ನೇ ಕೇಳುವುದಿಲ್ಲ. ನಮ್ಮದೂ ಕೇಳಲಿಲ್ಲ.

ಇದೇನು ಹೊಸದಲ್ಲ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಸುಮಾರು 60 ಕಾರ್ಖಾನೆ ಪಾಸ್‌ವರ್ಡ್ ಜೋಡಿಗಳ ಪಟ್ಟಿ ಇಟ್ಟುಕೊಂಡೇ ಲಕ್ಷಾಂತರ ಕ್ಯಾಮೆರಾ, ಡಿವಿಆರ್ (ವಿಡಿಯೋ ದಾಖಲಿಸುವ ಪೆಟ್ಟಿಗೆ), ರೌಟರುಗಳನ್ನು ವಶಮಾಡಿಕೊಂಡಿತ್ತು. ಆ ಅಕ್ಟೋಬರ್ 21ರಂದು, ವೆಬ್‌ಸೈಟುಗಳ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುತ್ತಿದ್ದ ಡೈನ್ ಕಂಪನಿಯ ಮೇಲೆ ಇಂಥ ಉಪಕರಣಗಳಿಂದಲೇ ನಡೆದ ದಾಳಿಯಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥವೇ ಹಲವರಿಗೆ ಸಿಗದೆ ಹೋದವು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಇಂಥ ಸುಲಭ ಪಾಸ್‌ವರ್ಡ್ ಇಟ್ಟು ಮಾರುವುದಕ್ಕೆ ಕಾನೂನಿನ ತಡೆ ಇದೆ. ಇಷ್ಟೆಲ್ಲ ಆದಮೇಲೂ ಹೀಗೆ ಮಾರುತ್ತಾರಲ್ಲ, ಅದಕ್ಕೇ ನನಗೆ ಸಿಟ್ಟು.

ಕಸ್ಟಮರ್ ಕೇರ್‌ಗೆ ಬರೆದೆ. ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿ ಅಂತ ಉತ್ತರ ಬಂತು. ಸುಮ್ನೆ ಕಾಯುವುದರಲ್ಲಿ ಅರ್ಥವಿಲ್ಲ, ನೀವೇ ಮಾಡಿಕೊಳ್ಳಿ. ಮೊದಲು ರೌಟರಿನಲ್ಲಿ ಯುಪಿಎನ್‌ಪಿ ಆಫ್ ಮಾಡಿ, ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಬಾಗಿಲಿಂದ ಒಳಗಿನ ಉಪಕರಣಕ್ಕೆ ದಾರಿ ಕೊಡುವ) ಪಟ್ಟಿಯಲ್ಲಿ ನೀವು ಹಾಕದ ಸಾಲಿದ್ದರೆ ಅಳಿಸಿ. ಕ್ಯಾಮೆರಾವನ್ನು ರೀಸೆಟ್ ಮಾಡಿ ಹೊಸ ಫರ್ಮ್‌ವೇರ್ (ಕ್ಯಾಮೆರಾದೊಳಗೇ ಇರುವ ಸಾಫ್ಟ್‌ವೇರ್) ಹಾಕಿ. ಆಮೇಲೆ ಬ್ರೌಸರಿನಲ್ಲಿ ಅದರ ಒಳ ವಿಳಾಸ ತೆರೆದು ಅಲ್ಲಿನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಕೊನೆಗೆ ಮೊಬೈಲ್ ಡೇಟಾದಿಂದ ಪರೀಕ್ಷೆ ಮಾಡಿ. ಪುಟ ತೆರೆದುಕೊಳ್ಳಬಾರದು.

"ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರಿಗೆ ಪ್ಲಗಿನ್ ಹಾಕಿ, ಆ್ಯಂಟಿವೈರಸ್ ಆಫ್ ಮಾಡಿ" ಅಂತ ಕಂಪನಿಯವರು ಅಂದರೆ ಅಲ್ಲೇ ನಿಲ್ಲಿಸಿ. ಆ ಬ್ರೌಸರಿಗೆ ಮೈಕ್ರೋಸಾಫ್ಟ್ 2022ರ ಜೂನ್ 15ಕ್ಕೇ ವಿದಾಯ ಹೇಳಿದೆ. ಕ್ಯಾಮೆರಾದಲ್ಲಿ ಆರ್‌ಟಿಎಸ್‌ಪಿ ಇದ್ದರೆ ವಿಎಲ್‌ಸಿ ಪ್ಲೇಯರಿನಲ್ಲೇ ಚಿತ್ರ ನೋಡಬಹುದು, ಅವರ ಸಾಫ್ಟ್‌ವೇರ್ ಬೇಕೇ ಆಗುವುದಿಲ್ಲ. ಕ್ಯಾಮೆರಾವನ್ನು ಗೆಸ್ಟ್ ನೆಟ್‌ವರ್ಕಿಗೆ (ಅತಿಥಿಗಳಿಗೆಂದು ರೌಟರ್ ಕೊಡುವ ಬೇರೆ ವೈ-ಫೈ) ಹಾಕಿ ಅಂತ ಜಾಸ್ತಿ ಜನ ಹೇಳುತ್ತಾರೆ, ಒಳ್ಳೆಯದೇ. ಆದರೆ ಆಗ ಮನೆಯ ಕಂಪ್ಯೂಟರಿಗೇ ಕ್ಯಾಮೆರಾ ಸಿಗದೆ ಹೋಗಬಹುದು. ನಾನು ಬದಲಿಗೆ ರೌಟರಿನಲ್ಲಿ ಕ್ಯಾಮೆರಾದ ಇಂಟರ್ನೆಟ್ ಅನ್ನೇ ತಡೆದಿದ್ದೇನೆ. ಮನೆಯೊಳಗೆ ಚಿತ್ರ ಬರುತ್ತದೆ, ಹೊರಗೆ ಹೋಗುವುದಿಲ್ಲ. ಹೊರಗಿಂದ ನೋಡಲೇಬೇಕು ಅನ್ನುವವರು ರೌಟರಿನಲ್ಲಿ ವಿಪಿಎನ್ (ಹೊರಗಿಂದ ಮನೆಯ ನೆಟ್‌ವರ್ಕಿಗೆ ಸುರಕ್ಷಿತ ದಾರಿ) ಇದೆಯಾ ನೋಡಿ, ಅದರ ಮೂಲಕ ಮಾತ್ರ ಒಳಗೆ ಬನ್ನಿ.

ಅಡ್ಮಿನ್ ಪಾಸ್‌ವರ್ಡ್ ಬದಲಿಸುವ ಜಾಗವೇ ನಿಮ್ಮ ಕ್ಯಾಮೆರಾದಲ್ಲಿ ಇಲ್ಲ ಅಂದರೆ, ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ ಹಿಂದಿರುಗಿಸಿಬಿಡಿ.