ಟೈಲ್ಸ್ ಬ್ಯಾಡ ಅಂದೆ, ಫರ್ಸಿಗೇ ಪಾಲಿಶ್ ಹೊಡಸ್ದೆ

ಕಲಬುರಗಿ ಬ್ರಹ್ಮಪುರದಾಗ ನಮ್ಮದು ಹಳೀ ಮನಿ. ಪಡಸಾಲಿ, ನಡುಮನಿ ಎರಡಕ್ಕೂ ನೆಲಕ್ಕ ಶಹಾಬಾದ್ ಫರ್ಸಿ, ಅಂದ್ರ ಚಪ್ಪಟಿ ಹಾಸುಗಲ್ಲು. ನೋಡಿದವರೆಲ್ಲ 'ಕಿತ್ತಿ ವಿಟ್ರಿಫೈಡ್ ಟೈಲ್ಸ್ ಹಾಕಸ್ರಿ' ಅಂತಿದ್ರು. ಮೇ ತಿಂಗಳ 42 ಡಿಗ್ರಿ ಬಿಸಲಿನ್ಯಾಗ ಹೊರಗಿಂದ ಬಂದು ಬರಿಗಾಲಿಲೆ ಆ ತಂಪು ಕಲ್ಲಿನ ಮ್ಯಾಲ ನಿಂತವರಿಗೆ ಗೊತ್ತು, ನಾ ಯಾಕ ಒಪ್ಪಲಿಲ್ಲ ಅಂತ.

ಪಾಲಿಶ್ ಮಾಡ್ದೋರ ಹೆಸರು ಹಾಕಲ್ಲ, ಒಂದು ತಕರಾರು ಅದ. ಕೆಲಸ ಮಾತ್ರ ಛಲೋ. 350 ಚದರಡಿಗೆ ಮೂರು ದಿನ ಹಿಡೀತು. ಮೊದಲ ಸಂದಿನ್ಯಾಗಿನ ಸಡಿಲ ಸಿಮೆಂಟ್ ಕೆದರಿ ಹೊಸಾದು ತುಂಬಿದ್ರು. ಅದು ಒಣಗಿದ ಮ್ಯಾಲ ನೀರು ಬಿಟಗೋತ, 60 ನಂಬರಿನ ಒರಟು ಉಜ್ಜುಕಲ್ಲಿಂದ 400ರ ನುಣುಪು ಕಲ್ಲಿನ ತನಕ, ನಾಕು ಸಲ ಮಷೀನ್ ಓಡಸಿದ್ರು. ಬೂದಿಬಣ್ಣದೊಳಗ ಅಡಗಿದ್ದ ನೀಲಿ ಛಾಯಾ ಎದ್ದು ಬಂತು. 'ಇದು ನಮ್ಮ ಫರ್ಸೀನೇ ಏನೋ?' ಅಂದ್ಳು ನಮ್ಮವ್ವ.

ಈಗ ತಕರಾರು. ಅರದ ಕೆಸರೆಲ್ಲಾ ಬಚ್ಚಲಕ್ಕ ಬಿಟ್ಟು ಹೋದ್ರು. ಅದು ಗಟ್ಟಿಯಾಗಿ ಪೈಪ್ ಕಟ್ಟಿ, ಪ್ಲಂಬರ್‌ಗೆ ಬ್ಯಾರೆ 800 ರೂಪಾಯಿ ಎಣಿಸಿದೆ. ಬಕೆಟ್ಟಿಗೆ ತುಂಬಿ ಹೊರಗ ಒಯ್ಯಾಕ ಮೊದಲೇ ಹೇಳ್ರಿ, ರೊಕ್ಕದಾಗ ಸ್ವಲ್ಪ ಹಿಡಕೊಂಡೇ ಇರ್ರಿ.

ಇನ್ನೊಂದು ಮಾತು ಅವರು ಹೇಳಲೇ ಇಲ್ಲ. ಇದು ಸುಣ್ಣದ ಕಲ್ಲು. ಲಿಂಬಿ, ಹುಣಸಿ ರಸ, ಸಂಡಾಸ ತೊಳೆಯೋ ಆಸಿಡ್ ಯಾವುದು ಬಿದ್ರೂ ಹೊಳಪು ತಿಂದು ಮಸಕು ಕಲೆ ಉಳೀತದ. ನಾವು ಬರೇ ನೀರಿನಿಂದ ಒರಸ್ತೀವಿ. ಲಿಂಬಿ ಉಪ್ಪಿನಕಾಯಿ ಹಾಕೋ ದಿನ ದೊಡ್ಡ ಪ್ಲಾಸ್ಟಿಕ್ ಹಾಳಿ ಹಾಸ್ಕೋತೀವಿ.